ಪರದೆ ತುಂಬಾ ‘ಪೊಲೀಸ್ ನೋಟಿಸ್’ ಬಂದರೆ ದುಡ್ಡು ಕಟ್ಟಬೇಡಿ

ವಯಸ್ಕರ ಸೈಟ್ ನೋಡುವವರಿಗೆ ಒಂದು ಮಾತು. ಮುಜುಗರ ಬೇಡ, ಸುಮ್ನೆ ಓದಿ.

ಮೊನ್ನೆ ರಾತ್ರಿ ಗೆಳೆಯನೊಬ್ಬ ಗಾಬರಿಯಲ್ಲಿ ಫೋನ್ ಮಾಡಿದ. ಲ್ಯಾಪ್‌ಟಾಪ್ ತುಂಬಾ ಸಿಂಹಲಾಂಛನ, ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ದಂಡ ಕಟ್ಟಿ’ ಎಂಬ ಬರಹ, ಕೆಳಗೆ ಕಾರ್ಡ್ ನಂಬರ್ ತುಂಬುವ ಜಾಗ. ಲಾಕೂ ಇಲ್ಲ, ಪೊಲೀಸೂ ಇಲ್ಲ. ಫುಲ್ ಸ್ಕ್ರೀನ್ ಮಾಡಿಟ್ಟ ಬರೀ ಒಂದು ವೆಬ್ ಪುಟ ಅದು! ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ‘ರಿಸ್ಟೋರ್’ ಒತ್ತಬೇಡಿ, ಅದೇ ಪುಟ ವಾಪಸ್ ಬರುತ್ತದೆ. ಕಾರ್ಡ್ ವಿವರ ಕೊಟ್ಟಾಗಿದ್ದರೆ ತಕ್ಷಣ ಬ್ಯಾಂಕಿಗೆ ಹೇಳಿ ಬ್ಲಾಕ್ ಮಾಡಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸೈಟ್ ‘18 ದಾಟಿದ್ದರೆ ಅಲೋ (Allow) ಒತ್ತಿ’ ಅಂದರೆ ಒತ್ತಬೇಡಿ. ಅದು ನೋಟಿಫಿಕೇಶನ್‌ಗೆ ಅನುಮತಿ. ಆಮೇಲೆ ಮಗಳು ಫೋನ್ ಹಿಡಿದಿರುವಾಗಲೇ ಜಾಹೀರಾತು ಬರುತ್ತದೆ. ವಿಡಿಯೋ ನೋಡಲು ಎಪಿಕೆ (ಪ್ಲೇಸ್ಟೋರ್ ಬಿಟ್ಟು ನೇರವಾಗಿ ಹಾಕುವ ಆ್ಯಪ್ ಫೈಲ್) ಹಾಕಿಕೊಳ್ಳಿ ಅಂದರೂ ಬೇಡ.

ಇನ್‌ಕಾಗ್ನಿಟೋ, ಅಂದರೆ ಹಿಸ್ಟರಿ ಉಳಿಸದ ಬ್ರೌಸರ್ ಕಿಟಕಿ, ಅದರ ಮೇಲೆ ಜಾಸ್ತಿ ನಂಬಿಕೆ ಬೇಡ. ಮನೆಯವರಿಗೆ ಹಿಸ್ಟರಿ ಕಾಣದು, ಅಷ್ಟೇ. ಯಾವ ಸೈಟ್ ಅಂತ ಆಫೀಸಿನ ವೈಫೈ ನೋಡಿಕೊಳ್ಳುವವರಿಗೆ ಗೊತ್ತಾಗಬಹುದು. ಡೌನ್‌ಲೋಡ್ ಮಾಡಿದ್ದು ಫೋನಿನಲ್ಲೇ ಇರುತ್ತದೆ, ಅಲ್ವಾ?