ಕುಷ್ಠರೋಗದ ಅಂಗವಿಕಲತೆಗೆ ಪುನಾರಚನಾ ಶಸ್ತ್ರಚಿಕಿತ್ಸೆ: ಸಿದ್ಧತೆಯಿಂದ ಮರುತರಬೇತಿಯವರೆಗೆ

ಬಹುಔಷಧ ಚಿಕಿತ್ಸೆಯು ಕುಷ್ಠರೋಗದ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಅಷ್ಟರಲ್ಲಿ ಸತ್ತುಹೋಗಿರುವ ನರವನ್ನು ಬದುಕಿಸಲಾರದು. ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಕೆಟ್ಟರೆ ಕಿರುಬೆರಳು ಮತ್ತು ಉಂಗುರಬೆರಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಮಣಿಕಟ್ಟಿನ ಬಳಿ ಮೀಡಿಯನ್ ನರವೂ ಕೆಟ್ಟರೆ ನಾಲ್ಕೂ ಬೆರಳುಗಳು ಹಾಗಾಗುವುದಲ್ಲದೆ, ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೊಣಕಾಲಿನ ಕೆಳಗೆ ಹೊರಬದಿಯ ನರ ಕೆಟ್ಟರೆ ಪಾದ ಜೋತುಬೀಳುತ್ತದೆ. ಮುಖದ ನರ ಕೆಟ್ಟರೆ ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ.

ಈ ರೋಗವು ನರಗಳನ್ನು ಸಾಮಾನ್ಯವಾಗಿ ಕೆಲವು ನಿಶ್ಚಿತ ಜಾಗಗಳಲ್ಲೇ ಹಾಳುಮಾಡುವುದರಿಂದ, ಮುಂಗೈಯಲ್ಲಿ ಅನೇಕ ಸ್ನಾಯುಗಳು ಗಟ್ಟಿಮುಟ್ಟಾಗಿಯೇ ಉಳಿದಿರುತ್ತವೆ. ಅಂಥ ಸ್ನಾಯುವೊಂದರ ರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಹುರಿಯನ್ನು) ಬಿಡಿಸಿ, ಸತ್ತ ಸ್ನಾಯುವಿನ ಕೆಲಸಕ್ಕೆ ಜೋಡಿಸುವುದೇ ಈ ಶಸ್ತ್ರಚಿಕಿತ್ಸೆಯ ತಿರುಳು. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗೆ ಈ ವಿಧಾನವನ್ನು ಬಳಸಿ ದಾರಿ ತೋರಿಸಿದರು.

ಮೊದಲು ನೋಡಬೇಕಾದದ್ದು ಸಮಯ. ಬಲಹೀನತೆ ಶುರುವಾಗಿ ಆರು ತಿಂಗಳೊಳಗಿದ್ದರೆ ಶಸ್ತ್ರಚಿಕಿತ್ಸೆಯ ಮಾತನ್ನು ಬದಿಗಿಟ್ಟು, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಆ ಹಂತದಲ್ಲಿ ಪ್ರೆಡ್ನಿಸೋಲೋನ್ ಎಂಬ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆಗಳಿಂದಲೇ ನರ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಶಸ್ತ್ರಚಿಕಿತ್ಸೆಗೆ ಸ್ನಾಯುಗಳ ಬಲಹೀನತೆ ಸುಮಾರು ಒಂದು ವರ್ಷದಿಂದ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಂತಿರಬೇಕು. ಬಹುಔಷಧ ಚಿಕಿತ್ಸೆ ಮುಗಿದಿರಬೇಕು ಅಥವಾ ಕನಿಷ್ಠ ಆರು ತಿಂಗಳಾದರೂ ನಡೆದಿರಬೇಕು. ಇತ್ತೀಚಿನ ತಿಂಗಳುಗಳಲ್ಲಿ ರಿಯಾಕ್ಷನ್ (ರೋಗದಿಂದ ಚರ್ಮ, ನರಗಳಲ್ಲಿ ದಿಢೀರನೆ ಏಳುವ ಉರಿಯೂತ) ಆಗಿರಬಾರದು, ನರಗಳಲ್ಲಿ ನೋವಿರಬಾರದು, ಕೈಕಾಲುಗಳಲ್ಲಿ ತೆರೆದ ಹುಣ್ಣಾಗಲಿ ಕೀವಾಗಲಿ ಇರಬಾರದು. ಅಂಗಾಲಿನಲ್ಲಿ ಹುಣ್ಣಿದ್ದರೆ ಮೊದಲು ಅದು ಮಾಯಬೇಕು. ಈ ಕಾರಣಕ್ಕೆ ದಿನ ಮುಂದೂಡಿದರೆ ಬೇಸರಪಡುವುದು ಬೇಡ.

ಇನ್ನೊಂದು ನಿಬಂಧನೆ ಕೀಲುಗಳದ್ದು. ಮಡಚಿದ ಬೆರಳನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಚಾಚಿ ನೋಡಿ: ಅದು ಪೂರ್ತಿ ನೇರವಾದರೆ ಕೀಲು ಮೃದುವಾಗಿದೆ ಎಂದರ್ಥ, ನಡುವೆಯೇ ಗಟ್ಟಿಯಾಗಿ ನಿಂತರೆ, ಎಷ್ಟು ಕುಶಲ ವೈದ್ಯರು ರಜ್ಜು ಜೋಡಿಸಿದರೂ ಅದು ಆ ಬಿಗಿತವನ್ನು ಎಳೆದು ಬಿಡಿಸಲಾರದು. ಆದ್ದರಿಂದ ದಿನಾಂಕ ಗೊತ್ತಾಗುವ ಮೊದಲೇ ಮನೆಯಲ್ಲಿ ಅಭ್ಯಾಸ ಶುರುಮಾಡಬೇಕು. ಕೈಯನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ (ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಬಿಸಿನೀರು ಸುಟ್ಟದ್ದು ಬೊಬ್ಬೆ ಎದ್ದ ಮೇಲೆಯೇ ತಿಳಿಯುತ್ತದೆ), ಒರೆಸಿ, ಎಣ್ಣೆ ಸವರಿ, ಅಂಗೈ ಮೇಲಾಗುವಂತೆ ತೊಡೆಯ ಮೇಲಿಟ್ಟು, ಇನ್ನೊಂದು ಅಂಗೈಯಿಂದ ಬೆರಳುಗಳನ್ನು ಬುಡದಿಂದ ತುದಿಯವರೆಗೆ ಸವರುತ್ತ ನೇರಮಾಡಬೇಕು. ದಿನಕ್ಕೆ ಹಲವು ಸಲ ಹೀಗೆ ಮಾಡಿದರೆ ಸಾಮಾನ್ಯ ಬಿಗಿತ ಸಡಿಲುತ್ತದೆ. ಹಠಮಾರಿ ಬಿಗಿತಕ್ಕೆ ಫಿಸಿಯೋಥೆರಪಿಸ್ಟರು ಮೇಣದ ಶಾಖ ಮತ್ತು ಸ್ಪ್ಲಿಂಟ್ (ಬೆರಳನ್ನು ನೇರವಾಗಿ ಹಿಡಿದಿಡುವ ಆಧಾರಪಟ್ಟಿ) ಬಳಸುತ್ತಾರೆ.

ಕೈಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ನಡುಬೆರಳಿನ ಒಂದು ಸ್ನಾಯುರಜ್ಜುವನ್ನು ಬಿಡಿಸಿ, ನಾಲ್ಕು ಎಳೆಗಳಾಗಿ ಸೀಳಿ, ಒಂದೊಂದು ಬೆರಳಿಗೆ ಒಂದೊಂದನ್ನು ಜೋಡಿಸುತ್ತಾರೆ. ಪ್ರತಿ ಬೆರಳನ್ನು ಮಡಚಲು ಎರಡು ರಜ್ಜುಗಳಿರುವುದರಿಂದ ನಡುಬೆರಳು ಉಳಿದೊಂದರಿಂದಲೇ ಮಡಚಿಕೊಳ್ಳುತ್ತದೆ. ಹೆಬ್ಬೆರಳಿಗೆ ಸಾಮಾನ್ಯವಾಗಿ ಉಂಗುರಬೆರಳಿನ ರಜ್ಜುವನ್ನು ಕೊಡುತ್ತಾರೆ. ಜೋತುಬಿದ್ದ ಪಾದಕ್ಕೆ, ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವನ್ನು ಮುಂಭಾಗಕ್ಕೆ ತರುತ್ತಾರೆ. ಹಿಮ್ಮಡಿಯ ರಜ್ಜು ಬಿಗಿದುಕೊಂಡಿದ್ದರೆ ಅದನ್ನು ಉದ್ದಮಾಡುತ್ತಾರೆ. ಮುಚ್ಚದ ಕಣ್ಣಿಗೆ ಕಣತಲೆಯಲ್ಲಿರುವ, ದವಡೆ ಕಚ್ಚುವ ಸ್ನಾಯುವಿನ ಒಂದು ಪಟ್ಟಿ ಬರುತ್ತದೆ. ಕುಸಿದ ಮೂಗಿಗೆ, ಉದುರಿದ ಹುಬ್ಬಿಗೆ ಬೇರೆ ಶಸ್ತ್ರಚಿಕಿತ್ಸೆಗಳಿವೆ. ಇವನ್ನು ಬರೀ ಅಂದದ ಮಾತೆಂದು ತಳ್ಳಿಹಾಕುವುದು ನನಗೆ ಸರಿಕಾಣದು, ಜನ ರೋಗವನ್ನು ಗುರುತಿಸುವುದು ಮುಖದಲ್ಲಿ.

ಕೈಗೆ ಸುಮಾರು ಮೂರು ವಾರ, ಪಾದಕ್ಕೆ ನಾಲ್ಕರಿಂದ ಆರು ವಾರ ಪ್ಲಾಸ್ಟರ್ ಇರುತ್ತದೆ. ಅದರೊಳಗೆ ಒತ್ತುವಿಕೆಯಿಂದ ಹುಣ್ಣಾದರೂ ನೋವು ತಿಳಿಯದಿರಬಹುದು. ಆದ್ದರಿಂದ ವಾಸನೆ, ಒದ್ದೆಯ ಕಲೆ, ಬೆರಳ ತುದಿಯ ಊತ ಅಥವಾ ಜ್ವರ ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ಲಾಸ್ಟರ್ ತೆಗೆದ ದಿನ ಬಹಳ ಮಂದಿಗೆ ನಿರಾಸೆಯಾಗುತ್ತದೆ, ಏಕೆಂದರೆ ಹೆಬ್ಬೆರಳನ್ನು ಅಲ್ಲಾಡಿಸಲು ಯತ್ನಿಸಿದರೆ ಅದು ಅಲುಗುವುದಿಲ್ಲ. ಆಗ ಫಿಸಿಯೋಥೆರಪಿಸ್ಟರು "ಉಂಗುರಬೆರಳನ್ನು ಮಡಚಿ" ಎನ್ನುತ್ತಾರೆ. ಮಡಚಲು ಹೊರಟರೆ ಹೆಬ್ಬೆರಳು ಅಂಗೈಯ ಮೇಲೆ ನಡೆದು ಬರುತ್ತದೆ. ಸ್ನಾಯು ಹೊಸ ಜಾಗಕ್ಕೆ ಬಂದಿದೆ, ಮಿದುಳು ಇನ್ನೂ ಹಳೆಯ ಹೆಸರಿನಿಂದಲೇ ಅದನ್ನು ಕರೆಯುತ್ತಿದೆ. ಹಾಗೆಯೇ ಪಾದವನ್ನು ಒಳಕ್ಕೆ ತಿರುಗಿಸಲು ಹೋದರೆ ಅದು ಮೇಲೇಳುತ್ತದೆ. ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಸುಮಾರು ನಾಲ್ಕು ವಾರ ದಿನವೂ, ಪ್ರತಿ ಸಲವೂ ಕೆಲವೇ ನಿಮಿಷ, ಸುಸ್ತಾಗುವ ಮೊದಲೇ ನಿಲ್ಲಿಸುತ್ತ ಅಭ್ಯಾಸ ಮಾಡಿದರೆ ಯೋಚಿಸದೆಯೇ ಚಲನೆ ಬರತೊಡಗುತ್ತದೆ. ಕಣ್ಣಿನ ವಿಷಯ ಮಾತ್ರ ಬೇರೆ: ತಾನಾಗಿ ರೆಪ್ಪೆ ಬಡಿಯುವುದು ಬಹುಪಾಲು ಮರಳುವುದಿಲ್ಲ, ಹಾಗಾಗಿ ದಿನವಿಡೀ ಆಗಾಗ ಹಲ್ಲು ಕಚ್ಚಿ ಕಣ್ಣು ಮುಚ್ಚುವುದನ್ನು ಉದ್ದೇಶಪೂರ್ವಕವಾಗಿ ರೂಢಿಸಿಕೊಳ್ಳಬೇಕು. ಭಾರ ಎತ್ತುವುದು, ಬಟ್ಟೆ ಹಿಂಡುವುದು ಮುಂತಾದವನ್ನು ಫಿಸಿಯೋಥೆರಪಿಸ್ಟರು ಒಪ್ಪಿದ ಮೇಲೆಯೇ ಮಾಡಬೇಕು. ಅವಸರಪಟ್ಟರೆ ಜೋಡಿಸಿದ ರಜ್ಜು ಕಿತ್ತುಬರಬಹುದು ಅಥವಾ ಸಡಿಲಾಗಬಹುದು.

ಸ್ಪರ್ಶಜ್ಞಾನವನ್ನು ಈ ಶಸ್ತ್ರಚಿಕಿತ್ಸೆ ಮರಳಿಸುವುದಿಲ್ಲ. ಬೆರಳು ಚೆನ್ನಾಗಿ ಹಿಡಿಯತೊಡಗಿದ ಮೇಲೆ ಬಿಸಿ ಪಾತ್ರೆಯನ್ನೂ ಅದು ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಪಾತ್ರೆಗೆ ದಪ್ಪ ಬಟ್ಟೆ, ಸಲಿಕೆ ಮತ್ತು ಕತ್ತಿಯ ಹಿಡಿಗೆ ಬಟ್ಟೆಯ ಸುತ್ತು, ಕಾಲಿಗೆ ಮೃದು ಅಡಿಯ ಪಾದರಕ್ಷೆ ಬೇಕು. ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ಅಂಗೈ, ಅಂಗಾಲು, ಬೆರಳ ಸಂದುಗಳನ್ನು ಕಣ್ಣಾರೆ ನೋಡಬೇಕು. ಕೆಂಪಾಗಿ ಬೆಚ್ಚಗಿರುವ ಜಾಗ ಸಿಕ್ಕರೆ ಮರುದಿನ ಆ ಭಾಗಕ್ಕೆ ಕೆಲಸ ಕೊಡಬಾರದು.