ಕಡಿಮೆ ಖರ್ಚಿನಲ್ಲಿ ಲೀ-ಎನ್‌ಫೀಲ್ಡ್: ಏರ್‌ಸಾಫ್ಟ್ ಆಟಕ್ಕೆ ಹಳೆಯ ಕಾಲದ ರೈಫಲ್ ಕಟ್ಟುವ ಬಗೆ

ಜಪಾನಿನಲ್ಲಿ ಹುಟ್ಟಿ ಜಗತ್ತಿನ ಹಲವೆಡೆ ಹರಡಿರುವ ಏರ್‌ಸಾಫ್ಟ್ ಆಟದಲ್ಲಿ 6 ಮಿ.ಮೀ. ಗಾತ್ರದ ಪ್ಲಾಸ್ಟಿಕ್ ಗುಂಡುಗಳನ್ನು ಗಾಳಿಯ ಒತ್ತಡದಿಂದ ಹಾರಿಸುವ ಆಟಿಕೆ ಬಂದೂಕುಗಳನ್ನು ಬಳಸುತ್ತಾರೆ. ಬ್ರಿಟನ್ನಿನಲ್ಲಿ ಈ ಆಟದ ಒಂದು ಕವಲು ಎರಡು ಮಹಾಯುದ್ಧಗಳ ಕಾಲದ ಉಡುಪು, ಸರಂಜಾಮುಗಳೊಂದಿಗೆ ನಡೆಯುತ್ತದೆ. ಅಲ್ಲಿಗೆ ಹೋಗುವವರಿಗೆ ಮೊದಲು ಎದುರಾಗುವ ತೊಡಕು ಹಣದ್ದು. ಮರ ಮತ್ತು ಉಕ್ಕಿನಲ್ಲಿ ಕಾರ್ಖಾನೆಯಿಂದಲೇ ಬರುವ ಹಳೆಯ ಮಾದರಿಯ ರೈಫಲ್‌ಗಳ ಬೆಲೆ, ಸ್ಪ್ರಿಂಗನ್ನು ಕೈಯಿಂದ ಬಿಗಿದು ಹಾರಿಸುವ ಸಾಧಾರಣ ಸ್ಪ್ರಿಂಗ್ ರೈಫಲ್ಲಿನ ಬೆಲೆಗಿಂತ ಹಲವು ಪಟ್ಟು ಹೆಚ್ಚು. ಅಗ್ಗದ ಸ್ಪ್ರಿಂಗ್ ರೈಫಲ್ ಒಂದನ್ನು ಒಳಗಿಟ್ಟುಕೊಂಡು ಹೊರಗೆ ಬ್ರಿಟಿಷ್ ಸೈನ್ಯದ ಹಳೆಯ ರೈಫಲ್ಲಾದ ಲೀ-ಎನ್‌ಫೀಲ್ಡಿನ ಮೈಕಟ್ಟನ್ನು ಮರದಲ್ಲಿ ಮಾಡಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಹೋಲಿಕೆ ಹುಟ್ಟುವುದು ಒಟ್ಟು ಆಕಾರದ ಅಳತೆಯಿಂದ ಮತ್ತು ಮರದ ಮೈಯಿಂದ. ಆದ್ದರಿಂದ ಶ್ರಮವನ್ನು ಅಲ್ಲಿ ಸುರಿದು, ಉಳಿದ ಹಣವನ್ನು ಗುಂಡು ನೇರವಾಗಿ ಹೋಗುವಂತೆ ಮಾಡುವ ಒಳಭಾಗಗಳಿಗೆ ಮೀಸಲಿಡಬೇಕು.

ಲೀ-ಎನ್‌ಫೀಲ್ಡನ್ನೇ ಏಕೆ ಆರಿಸಬೇಕೆಂದರೆ, ನಮ್ಮಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಹೆಸರಾದ ಈ ರೈಫಲ್ಲಿನ 1907ರ ‘ಮಾರ್ಕ್ 3’ ಮಾದರಿಯಲ್ಲಿ ನಳಿಗೆ ಹೆಚ್ಚುಕಡಿಮೆ ತುದಿಯವರೆಗೂ ಮರದೊಳಗೆ ಮುಚ್ಚಿಹೋಗಿದೆ. ಮೂತಿಯ ಬಳಿ ನಳಿಗೆಯ ತುದಿ ಕೂದಲೆಳೆಯಷ್ಟು ಮಾತ್ರ ಹೊರಗೆ ಕಾಣುತ್ತದೆ. ಉದ್ದನೆಯ ಬರಿಯ ನಳಿಗೆ ಹೊರಚಾಚಿರುವ ಬೇರೆ ರೈಫಲ್‌ಗಳಲ್ಲಿ ಉಕ್ಕಿನ ಕೆಲಸ ತಪ್ಪಿಸುವಂತಿಲ್ಲ, ಇಲ್ಲಿ ತಪ್ಪಿಸಬಹುದು. ಇನ್ನೊಂದು ಅನುಕೂಲವನ್ನು ಇತಿಹಾಸವೇ ಒದಗಿಸಿದೆ. ಮೊದಲ ಮಹಾಯುದ್ಧದ ಒತ್ತಡದಲ್ಲಿ ಬೇಗ ಬೇಗ ತಯಾರಿಸುವುದಕ್ಕಾಗಿ 1916ರಲ್ಲಿ ಒಪ್ಪಿಗೆ ಪಡೆದ ‘ಮಾರ್ಕ್ 3 ಸ್ಟಾರ್’ ರೂಪದಲ್ಲಿ ಮ್ಯಾಗಜೀನನ್ನು (ಗುಂಡುಗಳ ಪೆಟ್ಟಿಗೆಯನ್ನು) ತಡೆದಿಡುವ ತಗಡನ್ನೂ ಬಹುದೂರದ ಗುರಿಗಾಗಿ ಪಕ್ಕದಲ್ಲಿದ್ದ ಹೆಚ್ಚುವರಿ ಗುರಿಪಟ್ಟಿಯನ್ನೂ ಕೈಬಿಟ್ಟರು. ಹಲವು ಬಂದೂಕುಗಳಲ್ಲಿ ಬಟ್ಟಿನ (ಹೆಗಲಿಗೆ ಒತ್ತಿಹಿಡಿಯುವ ಹಿಂಭಾಗದ ಮರದ) ಬಲಬದಿಯ ಹಿತ್ತಾಳೆ ಬಿಲ್ಲೆಯೂ ಇರಲಿಲ್ಲ. ಅಂದು ಕಾರ್ಖಾನೆಗೆ ಉಳಿತಾಯವಾದ ಕೆಲಸ ಇಂದು ಮನೆಯಲ್ಲಿ ಮಾಡುವವರಿಗೂ ಉಳಿತಾಯವೇ. ಕೋಲ್ಕತ್ತಾ ಬಳಿಯ ಇಶಾಪುರದ ಕಾರ್ಖಾನೆಯಲ್ಲಿ ಇದೇ ಜಾತಿಯ ರೈಫಲ್‌ಗಳು ದಶಕಗಳ ಕಾಲ ತಯಾರಾದವು; ಉತ್ತರ ಪ್ರದೇಶದ ಪೊಲೀಸರು ಅವುಗಳಿಗೆ ವಿದಾಯ ಹೇಳಿದ್ದು 2020ರಲ್ಲಿ. ಹೀಗಾಗಿ ಭಾರತೀಯ ಸೈನಿಕನ ಪಾತ್ರ ವಹಿಸಿ ಆಡಬಯಸುವವರಿಗೆ ಇದಕ್ಕಿಂತ ಒಪ್ಪುವ ಆಯ್ಕೆ ಇನ್ನೊಂದಿಲ್ಲ.

ಮೊದಲು ಕಾನೂನು

ಉಳಿ ಹಿಡಿಯುವ ಮುನ್ನ ಓದಿಕೊಳ್ಳಬೇಕಾದದ್ದು ಕಾನೂನು. ಬ್ರಿಟನ್ನಿನ 2006ರ ಹಿಂಸಾತ್ಮಕ ಅಪರಾಧ ತಡೆ ಕಾಯ್ದೆಯ ಪ್ರಕಾರ, ನಿಜವಾದ ಬಂದೂಕೆಂದೇ ಕಾಣುವ ಪ್ರತಿಕೃತಿಯನ್ನು ತಯಾರಿಸುವುದು, ಮಾರುವುದು ಮತ್ತು ಹೊರದೇಶದಿಂದ ತರಿಸುವುದು ಮಾತ್ರವಲ್ಲ, ಇದ್ದ ಆಟಿಕೆಯನ್ನು ಹಾಗೆ ಕಾಣುವಂತೆ ಮಾರ್ಪಡಿಸುವುದೂ ಅಪರಾಧವಾಗುತ್ತದೆ. ಈ ಲೇಖನದ ಕೆಲಸ ಸರಿಯಾಗಿ ಆ ಮಾರ್ಪಾಡೇ ಆಗಿರುವುದರಿಂದ ಇದನ್ನು ಕಡೆಗಣಿಸಲಾಗದು. ವಿಮೆ ಇರುವ ಮೈದಾನದಲ್ಲಿ ನಿಯಮಿತವಾಗಿ ಆಡುವವರಿಗೆ, ಚಾರಿತ್ರಿಕ ಘಟನೆಗಳನ್ನು ಮರುಪ್ರದರ್ಶಿಸುವವರಿಗೆ, ನಾಟಕ ಮತ್ತು ಚಲನಚಿತ್ರದವರಿಗೆ ಕಾನೂನಿನಲ್ಲಿ ವಿನಾಯಿತಿ ಉಂಟು. ಆಟಗಾರರು ಸಾಮಾನ್ಯವಾಗಿ ಒಂದೇ ಮೈದಾನದಲ್ಲಿ 56 ದಿನಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಮೂರು ಆಟಗಳನ್ನಾಡಿ, ಆ ಮೈದಾನದ ಮೂಲಕ ಏರ್‌ಸಾಫ್ಟ್ ಆಟಗಾರರ ‘ಯುಕಾರಾ’ ನೋಂದಣಿ ದಾಖಲೆಯಲ್ಲಿ ಹೆಸರು ಸೇರಿಸಿಕೊಳ್ಳುತ್ತಾರೆ. ಹೆಸರು ಸೇರುವವರೆಗೆ ಕಾಯುವುದೇ ಸರಿ. ಅಲ್ಲಿಯತನಕ ಮೈಪೂರ್ತಿ ಕಿತ್ತಳೆ ಅಥವಾ ಪ್ರಖರ ನೀಲಿಯಂಥ ಕಣ್ಣಿಗೆ ಹೊಡೆಯುವ ಬಣ್ಣದ ಬಂದೂಕಿನಲ್ಲಿ ಆಡಬಹುದು.

ಶಕ್ತಿಗೂ ಮಿತಿಯಿದೆ. ಒಂದೊಂದೇ ಗುಂಡು ಹಾರಿಸುವ ಏರ್‌ಸಾಫ್ಟ್ ಬಂದೂಕಿಗೆ ಬ್ರಿಟನ್ನಿನಲ್ಲಿ 2.5 ಜೂಲ್, ಜಪಾನಿನಲ್ಲಿ 1 ಜೂಲಿಗಿಂತ ತುಸು ಕಡಿಮೆ. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 158 ಮೀಟರ್ ವೇಗದಲ್ಲಿ ಹೊರಟರೆ 2.5 ಜೂಲ್ ಆಗುತ್ತದೆ. ಮೈದಾನದವರು ಇನ್ನೂ ಕೆಳಗೆ, ಸೆಕೆಂಡಿಗೆ 500 ಅಡಿಯ (ಸುಮಾರು 152 ಮೀಟರ್) ಆಸುಪಾಸಿನಲ್ಲಿ ಗೆರೆ ಎಳೆದಿರುತ್ತಾರೆ.

ಭಾರತದಲ್ಲಿರುವ ಓದುಗರು ಒಂದು ಮಾತನ್ನು ಗಮನಿಸಬೇಕು. ಇಲ್ಲಿನ 2016ರ ಶಸ್ತ್ರಾಸ್ತ್ರ ನಿಯಮಗಳು ಗಾಳಿ ಬಂದೂಕು ಮತ್ತು ಪ್ರತಿಕೃತಿಗಳನ್ನೂ ತಮ್ಮ ವ್ಯಾಪ್ತಿಗೆ ತೆಗೆದುಕೊಂಡಿವೆ. ಪೊಲೀಸ್ ಇಲಾಖೆಯಲ್ಲಿ ವಿಚಾರಿಸದೆ ಗುಂಡು ಹಾರಿಸುವ ಯಾವುದನ್ನೂ ತರಿಸಬಾರದು, ಕಟ್ಟಬಾರದು. ಸ್ವಾತಂತ್ರ್ಯ ಹೋರಾಟದ ನಾಟಕಕ್ಕೆ ರಂಗಪರಿಕರ ಬೇಕಾದವರು ಒಳಭಾಗವನ್ನೆಲ್ಲ ಬಿಟ್ಟು, ಕೆಳಗಿನ ಮರದ ಕೆಲಸವನ್ನಷ್ಟೇ ಅನುಸರಿಸಿದರೆ ಸಾಕು.

ಒಳಗಿನ ಬಂದೂಕು

ಟೋಕಿಯೋ ಮಾರುಯಿ ಕಂಪನಿಯ ‘ವಿಎಸ್‌ಆರ್-10’ ಮಾದರಿಯನ್ನು ಅನುಸರಿಸಿ ಹಲವು ಕಂಪನಿಗಳು ಅಗ್ಗದ ರೈಫಲ್‌ಗಳನ್ನು ತಯಾರಿಸುತ್ತವೆ. ಸೈಮಾದ ‘ಸಿಎಂ 701’ ಮತ್ತು ವೆಲ್‌ನ ‘ಎಂಬಿ 03’ ಅಂಥವು. ಇವುಗಳ ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ. ಹಿಂದೆ ಮುಂದೆ ಸರಿಸಿ ಬಂದೂಕನ್ನು ಸಜ್ಜುಗೊಳಿಸುವ ಬೋಲ್ಟಿನ ಹಿಡಿ ಟ್ರಿಗರ್‌ಗೆ ಸಮೀಪದಲ್ಲಿರುವುದರಿಂದ ಲೀ-ಎನ್‌ಫೀಲ್ಡಿನ ನೋಟಕ್ಕೆ ಚೆನ್ನಾಗಿ ಹೊಂದುತ್ತದೆ. ಬಳಸಿದ ಬಂದೂಕನ್ನು ಕೊಂಡರೂ ಅಡ್ಡಿಯಿಲ್ಲ. ಹೊರಗಿನ ಪ್ಲಾಸ್ಟಿಕ್ ಸ್ಟಾಕ್ (ಬಂದೂಕನ್ನು ಹೊತ್ತಿರುವ ಹೊರಮೈ) ಒಡೆದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಬೆಲೆ ಇಳಿಯುತ್ತದೆ ಮತ್ತು ನಮಗೆ ಅದು ಬೇಕಾಗಿರುವುದು ಅಳತೆ ತೆಗೆಯುವುದಕ್ಕೆ ಮಾತ್ರ. ನಿಜವಾದ ಲೀ-ಎನ್‌ಫೀಲ್ಡಿನಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿಯುತ್ತದೆ. ಈ ಆಟಿಕೆಯಲ್ಲಿ ಹಿಂದಕ್ಕೆ ಎಳೆಯುವಾಗ ಬಿಗಿಯುತ್ತದೆ. ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಬಂದೂಕನ್ನು ಬಿಚ್ಚುವ ಮುನ್ನ ಮ್ಯಾಗಜೀನ್ ತೆಗೆದು, ನಳಿಗೆಯಲ್ಲಿ ಗುಂಡು ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಸ್ಪ್ರಿಂಗನ್ನು ಸಡಿಲ ಸ್ಥಿತಿಗೆ ತರಬೇಕು. ಬಿಗಿದಿದ್ದ ಸ್ಪ್ರಿಂಗ್ ತಟ್ಟನೆ ಹಾರಬಹುದಾದ್ದರಿಂದ ಕಣ್ಣಿಗೆ ಕನ್ನಡಕ ಇರಲೇಬೇಕು.

ಮರದ ಕೆಲಸ

ಮೊದಲು ನಕಾಶೆ. ಮಾರ್ಕ್ 3ರ ಒಟ್ಟು ಉದ್ದ ಸುಮಾರು 1132 ಮಿ.ಮೀ. ನೇರ ಪಕ್ಕದಿಂದ ತೆಗೆದ ಒಳ್ಳೆಯ ಛಾಯಾಚಿತ್ರವನ್ನು ಆ ಉದ್ದಕ್ಕೆ ಹಿಗ್ಗಿಸಿ, ಕಾಗದದ ಹಾಳೆಗಳಲ್ಲಿ ಮುದ್ರಿಸಿ ಜೋಡಿಸಿದರೆ ನಿಜ ಗಾತ್ರದ ಬಾಹ್ಯರೇಖೆ ದೊರೆಯುತ್ತದೆ. ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿ ಮೂಲ ಬಂದೂಕುಗಳನ್ನು ಹತ್ತಿರದಿಂದ ನೋಡಿಬಂದರೆ, ಛಾಯಾಚಿತ್ರದಲ್ಲಿ ತಿಳಿಯದ ದಪ್ಪ ಮತ್ತು ಅಂಚಿನ ದುಂಡುತನ ಮನಸ್ಸಿಗೆ ಕೂರುತ್ತದೆ. ಈ ರೇಖೆಯ ಮೇಲೆ ಒಳಗಿನ ಬಂದೂಕನ್ನು ಇಟ್ಟು, ಟ್ರಿಗರ್ ಸ್ಥಾನವನ್ನು ಮೂಲದ ಟ್ರಿಗರ್‌ಗೆ ಹೊಂದಿಸಿ, ಸ್ಕ್ರೂ ತೂತುಗಳನ್ನೂ ಮ್ಯಾಗಜೀನ್ ಸೇರುವ ಕಿಂಡಿಯನ್ನೂ ಗುರುತು ಮಾಡಿಕೊಳ್ಳಬೇಕು. ಬಟ್ಟು ಎಷ್ಟು ಕೆಳಗೆ ಬಾಗಿದೆ, ಬಟ್ಟಿನ ಮುಂದೆ ಕೈ ಹಿಡಿಯುವ ಕೊರಳು ಎಷ್ಟು ತೆಳ್ಳಗಿದೆ ಎಂಬ ಎರಡು ಸಂಗತಿಗಳಲ್ಲಿ ತಪ್ಪಿದರೆ ಮುಂದೆ ಎಷ್ಟು ಅಲಂಕಾರ ಮಾಡಿದರೂ ಬಂದೂಕು ಲೀ-ಎನ್‌ಫೀಲ್ಡಿನಂತೆ ಕಾಣುವುದಿಲ್ಲ.

ದಪ್ಪ ಮರದ ತುಂಡಿನಲ್ಲಿ ಉದ್ದನೆಯ ಆಳವಾದ ಕಾಲುವೆ ಕೊರೆಯಲು ನುರಿತ ಕೈ ಬೇಕು. ಅದಕ್ಕೆ ಬದಲಾಗಿ ಮೂರು ಪದರಗಳಲ್ಲಿ ಕಟ್ಟುವುದು ಸುಲಭ. ನಡುವಿನ ಪದರ ಒಳ್ಳೆಯ ಬರ್ಚ್ ಪ್ಲೈವುಡ್ಡಿನದ್ದಾಗಿರಲಿ; ಅದರ ದಪ್ಪ, ಒಳಬಂದೂಕಿನಲ್ಲಿ ಬೋಲ್ಟ್ ಓಡಾಡುವ ರಿಸೀವರ್ ಕೊಳವೆಯ ವ್ಯಾಸಕ್ಕಿಂತ ಅರ್ಧ ಮಿ.ಮೀ. ಹೆಚ್ಚಿರುವಂತೆ ಹಲಗೆಗಳನ್ನು ಜೋಡಿಸಿಕೊಳ್ಳಬೇಕು. ಕೊಳವೆ, ಟ್ರಿಗರ್ ಪೆಟ್ಟಿಗೆ ಮತ್ತು ಮ್ಯಾಗಜೀನ್ ಕೂರುವ ಜಾಗಗಳನ್ನು ಈ ಪದರದಲ್ಲಿ ಗರಗಸದಿಂದಲೇ ಕತ್ತರಿಸಿ ತೆಗೆಯಬಹುದು, ಕೊರೆಯುವ ಕೆಲಸವೇ ಇರುವುದಿಲ್ಲ. ಎರಡು ಬದಿಗೆ ಬೀಚ್ ಅಥವಾ ಪೈನ್ ಹಲಗೆ. ಬೀಚ್ ತುಸು ದುಬಾರಿಯಾದರೂ ಬಣ್ಣವನ್ನು ಸಮನಾಗಿ ಹೀರುತ್ತದೆ. ಪೈನ್ ಪಟ್ಟೆ ಪಟ್ಟೆಯಾಗಿ ಹೀರುವುದರಿಂದ ಮೊದಲು ತೆಳು ಅರಗು ಬಳಿಯಬೇಕಾಗುತ್ತದೆ. ಮೂಲ ಬಂದೂಕಿನ ಮರ ಎರಡು ತುಂಡು. ಬಟ್ಟು ಬೇರೆ, ಮುಂಭಾಗ ಬೇರೆ, ನಡುವೆ ಉಕ್ಕಿನ ಬಳೆ. ನಾವು ಮಾಡುವ ಬಂದೂಕಿನಲ್ಲಿ ನಡುಪದರವು ಬಟ್ಟಿನಿಂದ ಮುಂಭಾಗದವರೆಗೆ ಬೆನ್ನೆಲುಬಿನಂತೆ ಒಂದೇ ತುಂಡಾಗಿ ಸಾಗಬೇಕು, ಏಕೆಂದರೆ ಬೋಲ್ಟನ್ನು ಪದೇ ಪದೇ ಎಳೆಯುವ ಪೆಟ್ಟೆಲ್ಲ ಬೀಳುವುದು ಆ ಕೊರಳಿನ ಮೇಲೆಯೇ. ಬಳೆಯನ್ನು ತೆಳು ಅಲ್ಯೂಮಿನಿಯಂ ತಗಡಿನಿಂದ ಹೊರಗೆ ಸುತ್ತಿದರೆ ಎರಡು ತುಂಡಿನ ತೋರಿಕೆ ತಾನಾಗಿ ಬರುತ್ತದೆ.

ಮೂರು ಪದರಗಳನ್ನು ಮರದ ಗೋಂದಿನಿಂದ ಅಂಟಿಸಿ, ಕೈಯಳತೆಗೊಂದರಂತೆ ಕ್ಲಾಂಪ್ ಬಿಗಿದು ಒಂದು ರಾತ್ರಿ ಬಿಡಬೇಕು. ಹಿಂಡಿ ಹೊರಬಂದ ಗೋಂದನ್ನು, ವಿಶೇಷವಾಗಿ ಒಳಗಿನ ಕಾಲುವೆಯಲ್ಲಿರುವುದನ್ನು, ಒಣಗುವ ಮುನ್ನವೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ನಳಿಗೆಯ ಮೇಲೆ ಕೂರುವ ಮರದ ಮುಚ್ಚಳವನ್ನು ಮಾತ್ರ ಅಂಟಿಸಬಾರದು. ಮರವನ್ನು ಸುತ್ತಿ ಹಿಡಿಯುವ ನಡುವಿನ ಪಟ್ಟಿಯ ಸ್ಕ್ರೂ ಸಡಿಲಿಸಿದರೆ ಅದು ಎದ್ದುಬರುವಂತಿದ್ದರೆ ಒಳನಳಿಗೆಯನ್ನು ಸ್ವಚ್ಛಗೊಳಿಸುವುದು, ಸರಿಪಡಿಸುವುದು ಸಲೀಸಾಗುತ್ತದೆ.

ಆಕಾರ ಕೊಡುವಾಗ ಮೊದಲು ಒರಟು ಅರ, ಬಳಿಕ ನಯವಾದ ಅರ, ಕೊನೆಗೆ 80ರಿಂದ 240ರವರೆಗಿನ ಉಪ್ಪುಕಾಗದ. 240ರ ಬಳಿಕ ಮರವನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಸವರಿ ಒಣಗಲು ಬಿಟ್ಟರೆ ಅಡಗಿದ್ದ ನಾರುಗಳು ಎದ್ದು ನಿಲ್ಲುತ್ತವೆ. ಅವನ್ನು ಹಗುರವಾಗಿ ಉಜ್ಜಿ ತೆಗೆದ ಮೇಲೆ ಅಕ್ರೋಟಿನ ಬಣ್ಣ ಬಳಿಯಬೇಕು. ಅದರ ಮೇಲೆ ಅಗಸೆ ಎಣ್ಣೆ. ವಾರ್ನಿಷ್ ಹೊಳಪು ಈ ಕಾಲದ ರೈಫಲ್ಲಿಗೆ ಒಪ್ಪುವುದೇ ಇಲ್ಲ. ಕುದಿಸಿದ ಅಗಸೆ ಎಣ್ಣೆಯನ್ನು ನಾಲ್ಕಾರು ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವವರೆಗೆ ಮರಕ್ಕೆ ತಿಕ್ಕಿ, ಕಾಲು ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಬೇಕು. ದಿನಕ್ಕೊಂದು ಲೇಪ ಸಾಕು. ಮೊದಲ ಲೇಪಗಳಲ್ಲಿ ಮರ ಮಂಕಾಗಿಯೇ ಇರುತ್ತದೆ. ನಾಲ್ಕೈದು ಲೇಪಗಳಾದ ಮೇಲೆ ಒಳಗಿನಿಂದಲೇ ಮೂಡಿದಂಥ ಮೆತ್ತನೆಯ ಕಾಂತಿ ಬರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು.

ಲೋಹದ ತೋರಿಕೆ

ಈ ರೈಫಲ್ಲನ್ನು ದೂರದಿಂದಲೇ ಗುರುತಿಸುವಂತೆ ಮಾಡುವುದು ಮೊಂಡು ಮೂತಿಯ ಉಕ್ಕಿನ ಟೋಪಿ. ಪ್ಲೈವುಡ್ ತುಂಡುಗಳನ್ನು ಅಂಟಿಸಿ ಎಪಾಕ್ಸಿ ಪುಟ್ಟಿಯಿಂದ ಅದನ್ನು ತಿದ್ದಬಹುದು. ಮೂರು ಆಯಾಮದ ಮುದ್ರಣ ಯಂತ್ರ ಸಿಗುವವರು ಮುದ್ರಿಸಿಕೊಳ್ಳಬಹುದು. ಮುದ್ರಿಸುವುದಾದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ, ಪಿಇಟಿಜಿ ತಾಳಿಕೊಳ್ಳುತ್ತದೆ. ಕಪ್ಪು ಬಣ್ಣ ಚೆನ್ನಾಗಿ ಒಣಗಿದ ಮೇಲೆ ಸೀಸದ ಕಡ್ಡಿಯ ಗ್ರಾಫೈಟ್ ಪುಡಿಯನ್ನು ಬಟ್ಟೆಯಿಂದ ಉಜ್ಜಿದರೆ ಹಳೆಯ ಉಕ್ಕಿನ ಬಣ್ಣ ಬರುತ್ತದೆ.

ರಿಸೀವರ್ ಮೇಲಿನ ಕಮಾನನ್ನು 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯನ್ನು ಬಾಗಿಸಿ ಮಾಡಬೇಕು. ಬೋಲ್ಟ್ ಅದಕ್ಕೆ ತಗಲದೆ ಓಡಾಡುತ್ತದೆಯೇ ಎಂದು ನೋಡಿಯೇ ಸ್ಕ್ರೂ ಹಾಕಬೇಕು. ಹಿಂದಿನ ಗುರಿಪಟ್ಟಿಗೆ ಸಣ್ಣ ಹಿತ್ತಾಳೆಯ ಬಾಗಿಲು ಕೀಲು ಸೊಗಸಾಗಿ ಹೊಂದುತ್ತದೆ. ಬೋಲ್ಟ್ ಹಿಡಿಯ ತುದಿಗೆ ಮೇಜಿನ ಡ್ರಾಯರಿನ ದುಂಡು ಗುಬುಟು. ಹತ್ತು ಗುಂಡಿನ ಮ್ಯಾಗಜೀನ್ ಪೆಟ್ಟಿಗೆ ಬರಿಯ ತೋರಿಕೆಯದು. ಆಟಿಕೆಯ ನಿಜವಾದ ಮ್ಯಾಗಜೀನ್ ಹೋಗಿಬರುವ ಕಿಂಡಿಗೆ ಅದು ಅಡ್ಡ ಬರಬಾರದು. ಬಟ್ಟಿನ ಹಿಂಬದಿಯ ಫಲಕಕ್ಕೆ ಮಾತ್ರ ನಿಜವಾದ ಹಿತ್ತಾಳೆ ತಗಡನ್ನೇ ಕೊಳ್ಳಿ. ಬೇಕಾಗುವುದು ಅಂಗೈಯಷ್ಟು, ಆದರೆ ಕೈ ತಾಗಿ ತಾಗಿ ಅದು ಮಾಸುವ ಬಗೆ ಯಾವ ಬಣ್ಣದಿಂದಲೂ ಬರುವುದಿಲ್ಲ. ಮೂಲದ ತೂಕ 4 ಕಿಲೋ ಹತ್ತಿರ ಇದೆಯೆಂದು ಸೀಸ ತುಂಬಲು ಹೋಗಬೇಡಿ. ದಿನವಿಡೀ ಹೊತ್ತು ಓಡಬೇಕಾದವರಿಗೆ 3 ಕಿಲೋ ಧಾರಾಳವಾಯಿತು.

ಹಣ ಹಾಕಬೇಕಾದ ಜಾಗ

ಗುಂಡಿನ ಮೇಲ್ಭಾಗವನ್ನು ರಬ್ಬರಿನಿಂದ ಒತ್ತಿ ಅದಕ್ಕೆ ಹಿಮ್ಮುಖ ಸುತ್ತು ಕೊಡುವ ‘ಹಾಪ್-ಅಪ್’ ಭಾಗವೇ ಏರ್‌ಸಾಫ್ಟ್ ಬಂದೂಕಿನ ಜೀವಾಳ. ಈ ಸುತ್ತಿನಿಂದ ಗುಂಡಿಗೆ ಗಾಳಿಯ ಆಸರೆ ಸಿಕ್ಕಿ ಅದು ಕೆಳಗೆ ಬೀಳದೆ ದೂರ ಸಾಗುತ್ತದೆ. ಅಗ್ಗದ ಬಂದೂಕುಗಳಲ್ಲಿ ಈ ರಬ್ಬರ್ ಗಟ್ಟಿಯಾಗಿಯೂ ಓರೆಯಾಗಿಯೂ ಇರುವುದು ಸಾಮಾನ್ಯ. ಒಳ್ಳೆಯ ರಬ್ಬರಿನ ಬೆಲೆ ಅಲ್ಪ, ಪ್ರಯೋಜನ ಬಹಳ. ಮುಂದಿನದು ಒಳನಳಿಗೆ: ಗುಂಡಿನ ವ್ಯಾಸ 5.95 ಮಿ.ಮೀ. ಇರುವಾಗ 6.03 ಮಿ.ಮೀ. ಒಳವ್ಯಾಸದ ನಳಿಗೆ ಗಾಳಿಯನ್ನು ಕಡಿಮೆ ಪೋಲು ಮಾಡುತ್ತದೆ. ಹೊರನಳಿಗೆಯೊಳಗೆ ಅದು ಅಲುಗಾಡದಂತೆ ಎರಡು ಮೂರು ಕಡೆ ಟೇಪು ಸುತ್ತಿ ಬಿಗಿಮಾಡಬೇಕು. ವಿಎಸ್‌ಆರ್ ಮಾದರಿಯ ಒಳನಳಿಗೆ 430 ಮಿ.ಮೀ. ಇರುವುದರಿಂದ ಅದು ಮೂತಿಗಿಂತ ಎಷ್ಟೋ ಹಿಂದೆಯೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಸಾಕಷ್ಟು ಅಗಲದ ಕೊಳವೆ ಇಡಬೇಕು, ಹಾರುವ ಗುಂಡು ಎಲ್ಲಿಯೂ ತಾಗಕೂಡದು. ಸ್ಪ್ರಿಂಗನ್ನು ಬದಲಿಸುವ ಆಸೆಯನ್ನು ತಡೆದುಕೊಳ್ಳಿ. ಅಗ್ಗದ ಬಂದೂಕಿನ ಟ್ರಿಗರ್ ಕೊಕ್ಕೆ ಮೆದು ಲೋಹದ್ದು, ಬಿಗಿ ಸ್ಪ್ರಿಂಗಿಗೆ ಬೇಗ ಸವೆದು ತಾನಾಗಿ ಗುಂಡು ಬಿಡುವ ಅಪಾಯವಿದೆ.

ಜೋಡಣೆ ಮುಗಿದ ಮೇಲೆ ಮೈದಾನದ ವೇಗಮಾಪಕದಲ್ಲಿ 0.20 ಗ್ರಾಂ ಗುಂಡಿನಿಂದ ಶಕ್ತಿಯನ್ನು ಅಳೆಸಿ, ಬಳಿಕ ಗಾಳಿಗೆ ಸುಲಭವಾಗಿ ಬಾಗದ 0.30 ಗ್ರಾಂ ಅಥವಾ ಅದಕ್ಕೂ ಭಾರದ ಗುಂಡಿಗೆ ಹಾಪ್-ಅಪ್ ಹೊಂದಿಸಬೇಕು. ಗುಂಡು ಬಹುದೂರ ಮಟ್ಟವಾಗಿ ಸಾಗಿ ಕೊನೆಯಲ್ಲಷ್ಟೇ ಇಳಿದರೆ ಹೊಂದಾಣಿಕೆ ಸರಿಯಿದೆ. ಮೇಲಕ್ಕೆದ್ದರೆ ಒತ್ತಡ ಹೆಚ್ಚಾಗಿದೆ. ಗುರಿಪಟ್ಟಿಗಳನ್ನು ತಿದ್ದುವುದು ಇದಾದ ಮೇಲೆಯೇ. ಈ ಬಗೆಯ ರೈಫಲ್ಲಿಗೆ ಮೈದಾನಗಳು ಸಾಮಾನ್ಯವಾಗಿ 30 ಮೀಟರಿನ ಕನಿಷ್ಠ ಅಂತರವನ್ನು ಗೊತ್ತುಮಾಡಿರುತ್ತವೆ. ಅದಕ್ಕಿಂತ ಹತ್ತಿರದ ಎದುರಾಳಿಯ ಮೇಲೆ ಹಾರಿಸಬಾರದು. ಮನೆಯಿಂದ ಮೈದಾನಕ್ಕೆ ಒಯ್ಯುವಾಗ ಮ್ಯಾಗಜೀನ್ ಬೇರೆಯಿಟ್ಟು, ಸ್ಪ್ರಿಂಗ್ ಸಡಿಲಿಸಿ, ಪೂರ್ತಿ ಮುಚ್ಚಿದ ಚೀಲದಲ್ಲಿ ಕಾರಿನ ಡಿಕ್ಕಿಯಲ್ಲಿಡಬೇಕು. ಸಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಪ್ರತಿಕೃತಿಯನ್ನು ಹಿಡಿದು ಓಡಾಡುವುದು ಬ್ರಿಟನ್ನಿನಲ್ಲಿ ಅಪರಾಧ, ಮತ್ತು ನೋಡಿದವರು ಪೊಲೀಸರಿಗೆ ಕರೆ ಮಾಡಿದರೆ ಬರುವವರು ಅದನ್ನು ನಿಜವಾದ ರೈಫಲ್ ಎಂದೇ ಭಾವಿಸಿ ಬರುತ್ತಾರೆ.