ವಾಂತಿ ಮಾತ್ರೆ ಕೇಳುವ ಮೊದಲು

ಮೂಡಿಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. 'ಅಣ್ಣಾ, ಒಂದು ವಾಂತಿ ಮಾತ್ರೆ ಕೊಡಿ' ಅಂದವರಿಗೆಲ್ಲ ನಾನು ತಿರುಗಿ ಕೇಳುತ್ತೇನೆ: ಯಾರಿಗೆ? ಯಾಕೆ ವಾಂತಿ? ಆಚೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ, ಗೊತ್ತು. ಆದರೆ ಎಲ್ಲ ವಾಂತಿಗೂ ಆಗುವ ಮಾತ್ರೆ ಇಲ್ಲ.

ಮೆದುಳಿನ ಬುಡದಲ್ಲಿ ವಾಂತಿ ಮಾಡಿಸುವ ನರಗಳ ಗುಂಪೊಂದಿದೆ. ಅದಕ್ಕೆ ಸುದ್ದಿ ಹಲವು ಕಡೆಯಿಂದ ಬರುತ್ತದೆ. ಒಳಕಿವಿಯಿಂದ ಬರುವ ಸುದ್ದಿಯನ್ನು ಸಾಗಿಸುವುದು ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಗಳು. ಕರುಳು ಕೆಟ್ಟಾಗ ಸೆರೊಟೋನಿನ್. ರಕ್ತದಲ್ಲಿ ವಿಷ ಸೇರಿದೆಯಾ ಅಂತ ನೋಡುವ ಜಾಗವೊಂದು ಮೆದುಳಿನಲ್ಲೇ ಇದೆ, ಅಲ್ಲಿ ಡೋಪಮಿನ್ ಮುಖ್ಯ. ಹೆದರಿಕೆ, ಕೆಟ್ಟ ವಾಸನೆಯಿಂದಲೂ ಹೊಟ್ಟೆ ತೊಳಸುತ್ತದೆ, ಅಲ್ವಾ? ಪ್ರತಿ ಮಾತ್ರೆ ಇವುಗಳಲ್ಲಿ ಒಂದೋ ಎರಡೋ ದಾರಿಯನ್ನು ಮಾತ್ರ ಮುಚ್ಚುತ್ತದೆ. ಶಿರಾಡಿ ಬಂದ್ ಮಾಡಿದರೆ ಚಾರ್ಮಾಡಿಯಲ್ಲಿ ಬರುವ ಗಾಡಿ ನಿಲ್ಲುತ್ತದೆಯೇ?

ನನ್ನ ಅಂಗಡಿಯಲ್ಲಿ ಜಾಸ್ತಿ ಕೇಳುವುದು ಘಾಟಿಯ ವಾಂತಿಗೆ. ಕಣ್ಣು ಬಸ್ಸಿನೊಳಗಿನ ಸೀಟು ನೋಡುತ್ತಿರುತ್ತದೆ, ಅದು ಅಲುಗಾಡುತ್ತಿಲ್ಲ. ಒಳಕಿವಿ ಮಾತ್ರ ತಿರುವಿಗೊಮ್ಮೆ 'ತಿರುಗಿದೆವು' ಅನ್ನುತ್ತದೆ. ಈ ಜಗಳಕ್ಕೆ ಒಳಕಿವಿಯ ದಾರಿ ಮುಚ್ಚುವ ಔಷಧಿ ಬೇಕು: ಅವೊಮಿನ್‌ನಲ್ಲಿರುವ ಪ್ರೊಮೆಥಾಜಿನ್, ಇಲ್ಲವೇ ಸಿನ್ನರಿಜಿನ್, ಮೆಕ್ಲಿಜಿನ್. ಎಮೆಸೆಟ್ ಮನೆಯಲ್ಲಿದೆ, ಅದನ್ನೇ ನುಂಗುತ್ತೇನೆ ಅನ್ನುವವರಿದ್ದಾರೆ. ಅದರಲ್ಲಿರುವ ಒಂಡಾನ್‌ಸೆಟ್ರಾನ್ ಸೆರೊಟೋನಿನ್ ದಾರಿಯದ್ದು. ಬಸ್ಸಿನ ವಾಂತಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಇನ್ನೊಂದು, ಹೊತ್ತು. ಕೊಟ್ಟಿಗೆಹಾರದಲ್ಲಿ ಇಳಿದು, ನೀರುದೋಸೆ ತಿಂದು, ಆಮೇಲೆ ಮಾತ್ರೆ ಬಾಯಿಗೆ ಹಾಕಿದರೆ ಅದು ಕೆಲಸ ಶುರು ಮಾಡುವಷ್ಟರಲ್ಲಿ ಚಾರ್ಮಾಡಿ ಅರ್ಧ ಇಳಿದಾಗಿರುತ್ತದೆ. ಅವೊಮಿನ್ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಚಿಕ್ಕಮಗಳೂರಿಂದ ಧರ್ಮಸ್ಥಳಕ್ಕೆ ಹೊರಟವರು ಬಸ್ ಹತ್ತುವ ಮುಂಚೆ ನುಂಗಿದರೆ ಸರಿ. ಜೋರಾಗಿ ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ. ಗಾಡಿ ಓಡಿಸುವವರು ಮುಟ್ಟಬೇಡಿ. ಮದ್ಯದ ಜೊತೆಗಂತೂ ಬೇಡವೇ ಬೇಡ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವ ಅಜ್ಜಂದಿರು, ಗ್ಲಾಕೋಮಾ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. 2 ವರ್ಷದೊಳಗಿನ ಮಗುವಿಗೆ ಪ್ರೊಮೆಥಾಜಿನ್ ಕೊಡಲೇಬಾರದು, ಉಸಿರಾಟ ಕುಗ್ಗಿಬಿಡಬಹುದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ಎಷ್ಟು ಅಂತ ಡಾಕ್ಟರೇ ಹೇಳಲಿ. ಮಾತ್ರೆ ಬೇಡ ಅನ್ನುವವರು ಮುಂದಿನ ಸೀಟು ಹಿಡಿದು, ಮೊಬೈಲ್ ಒಳಗಿಟ್ಟು, ದೂರದ ಗುಡ್ಡ ನೋಡುತ್ತಾ ಹೋಗಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ವಾಂತಿ ಭೇದಿ ಎರಡೂ ಇದ್ದರೆ ಮೊದಲ ಔಷಧಿ ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿ. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ ಬೆರೆಸಿ. ವಾಂತಿಯಾದ ಮೇಲೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ. ಅದೂ ನಿಲ್ಲದಿದ್ದಾಗ ಡಾಕ್ಟರು ಒಂಡಾನ್‌ಸೆಟ್ರಾನ್ ಬರೆಯುತ್ತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಒಂದೇ ಡೋಸ್ ಸಾಕು, ಓಆರ್‌ಎಸ್ ಒಳಗೆ ನಿಲ್ಲಲಿ ಅಂತ. ತಲೆನೋವು, ಮಲಬದ್ಧತೆ ಬರಬಹುದು. ಹೃದಯದ ಬಡಿತದ ತೊಂದರೆ ಇದ್ದರೆ ಮೊದಲೇ ಹೇಳಿಬಿಡಿ. ಆಪರೇಷನ್ ಆದವರಿಗೂ ಇದನ್ನೇ ಕೊಡುತ್ತಾರೆ. ಕ್ಯಾನ್ಸರ್‌ನವರಿಗೆ ಇದನ್ನು ಕೊಡುವುದು ಕೀಮೋಗೆ ಮೊದಲೇ, ಹಲವು ಸಲ ಡೆಕ್ಸಾಮೆಥಾಸೋನ್, ಅಪ್ರೆಪಿಟಂಟ್ ಜೊತೆಗೆ. ಅಲ್ಲಿ ಒಂದು ದಾರಿ ಮುಚ್ಚಿದರೆ ಸಾಲುವುದಿಲ್ಲ. 'ವಾಂತಿ ಬಂದರೆ ನೋಡೋಣ' ಅಂತ ಈ ಮಾತ್ರೆಗಳನ್ನು ಉಳಿಸಿಟ್ಟುಕೊಳ್ಳಬೇಡಿ.

ನನಗೆ ಬೇಜಾರಾಗುವುದು ಡೊಂಪೆರಿಡೋನ್ ವಿಷಯಕ್ಕೆ. ಇದು ಡೋಪಮಿನ್ ದಾರಿ ಮುಚ್ಚುತ್ತದೆ, ಹೊಟ್ಟೆಯಲ್ಲಿರುವುದನ್ನು ಬೇಗ ಕೆಳಗೆ ಕಳಿಸುತ್ತದೆ. ಒಳ್ಳೆಯ ಔಷಧಿಯೇ. ಆದರೆ ಪ್ಯಾಂಟೊಪ್ರಜೋಲ್ ಜೊತೆ ಸೇರಿ 'ಗ್ಯಾಸ್ ಮಾತ್ರೆ' ಆಗಿ ಮನೆಮನೆಯಲ್ಲಿ ಕೂತಿದೆ. ಬೆಳಗಾದರೆ ಒಂದು, ವರ್ಷಗಟ್ಟಲೆ! ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಹೇಳಿದ್ದಾರೆ: ದೊಡ್ಡವರಿಗೆ 10 ಮಿಲಿಗ್ರಾಂನಂತೆ ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು. ಕಾರಣ, ಹೃದಯದ ಬಡಿತ ಏರುಪೇರಾಗುವ ಅಪಾಯ. ನಿಮ್ಮ ಗ್ಯಾಸ್ ಮಾತ್ರೆಯ ಹಿಂಬದಿ ಒಮ್ಮೆ ತಿರುಗಿಸಿ ನೋಡಿ.

ಅದೇ ದಾರಿಯ ಇನ್ನೊಂದು ಮೆಟೊಕ್ಲೋಪ್ರಮೈಡ್. ಇದು ಮೆದುಳಿನೊಳಕ್ಕೂ ಹೋಗುತ್ತದೆ. ಅದಕ್ಕೇ ಕೆಲವರಿಗೆ, ಮಕ್ಕಳು ಹರೆಯದವರಿಗೆ ಜಾಸ್ತಿ, ಕತ್ತು ಒಂದು ಕಡೆ ಸೆಳೆದುಕೊಳ್ಳುತ್ತದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಮನೆಯವರು ದೆವ್ವ ಹಿಡಿಯಿತು ಅಂದುಕೊಳ್ಳುವಷ್ಟು ಗಾಬರಿ. ಇಂಜೆಕ್ಷನ್ ಕೊಟ್ಟರೆ ಬೇಗ ಇಳಿಯುತ್ತದೆ, ಆಸ್ಪತ್ರೆಗೆ ಓಡಿ. ಯಾವ ಮಾತ್ರೆಯಿಂದ ಹೀಗಾಯಿತು ಅಂತ ಬರೆದಿಟ್ಟುಕೊಳ್ಳಿ.

ಬಸುರಿಯರ ವಾಂತಿಗೆ ನಾನು ಚೀಟಿ ಇಲ್ಲದೆ ಏನೂ ಕೊಡುವುದಿಲ್ಲ. 1950ರ ದಶಕದ ಕೊನೆಗೆ ಯುರೋಪಿನಲ್ಲಿ ಬಸುರಿಯರು ವಾಂತಿಗೆಂದು ಥಾಲಿಡೋಮೈಡ್ ನುಂಗಿದರು. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ, 1961ರಲ್ಲಿ ಜರ್ಮನಿ, ಬ್ರಿಟನ್‌ಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಈಗ ಡಾಕ್ಟರು ಹೆಚ್ಚಾಗಿ ಬರೆಯುವುದು ಡಾಕ್ಸಿಲಮಿನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆ. ನಿದ್ದೆ ಬರಿಸುವುದರಿಂದ ರಾತ್ರಿ ಮಲಗುವಾಗ ಕೊಡುತ್ತಾರೆ. ಶುಂಠಿಯಿಂದಲೂ ಕೆಲವರಿಗೆ ಹಗುರವಾಗುತ್ತದೆ. ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ ಅಂದರೆ ಡ್ರಿಪ್ ಬೇಕಾಗಬಹುದು.

ಕೆಲವು ವಾಂತಿಗೆ ಅಂಗಡಿಗೆ ಬರಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ. ವಾಂತಿಯಲ್ಲಿ ರಕ್ತ, ಮಗುವಿಗೆ ಹಸಿರು ವಾಂತಿ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಎದೆನೋವು ಬೆವರಿನ ಜೊತೆ ವಾಂತಿ. ಮತ್ತೆ ನಮ್ಮ ಕಡೆಯದ್ದೊಂದು. ತೋಟದಲ್ಲಿ ಔಷಧಿ ಹೊಡೆದು ಬಂದವರಿಗೆ ವಾಂತಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು ಶುರುವಾದರೆ ಅದು ಕೀಟನಾಶಕದ ವಿಷ ಇರಬಹುದು. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸುತ್ತಲೇ ಗಾಡಿಗೆ ಹೇಳಿ. ಹೊಡೆದ ಔಷಧಿಯ ಡಬ್ಬಿಯನ್ನು ಜೊತೆಗೇ ಒಯ್ಯಿರಿ, ಡಾಕ್ಟರು ಅದರ ಮೇಲಿನ ಹೆಸರು ಕೇಳುತ್ತಾರೆ.